ಬುಧವಾರ ಇಟ್ಟ ಗಂಟು

ಆ ದಿನಗಳಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಆಕಳುಗಳು ಮಾತ್ರ. ಉಳಿದದ್ದೆಲ್ಲ ಗೋಜಲು. ನಿಲಂಗಾದ ನಮ್ಮ ಸೋದರತ್ತೆಯ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಕೈ ತೊಳೆದು, ಮಾಳಿಗೆ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಐರ್ಲೆಂಡಿನಲ್ಲಿ ಬೆಳಗಾಗಿರುತ್ತಿತ್ತು. ಅಲ್ಲಿ ಹಾಲು ಕರೆಸಿಕೊಂಡ ಆಕಳುಗಳು ಕಿರಿದಾದ ಒಂದು ಓಣಿಯಲ್ಲಿ ಒಂದೊಂದಾಗಿ ಹಾದು ಹೋಗುತ್ತಿದ್ದವು. ಗೋಡೆಗೆ ಕೂರಿಸಿದ ಕ್ಯಾಮರಾ ಅವನ್ನು ಪಕ್ಕದಿಂದ ತೋರಿಸುತ್ತಿತ್ತು. ಅವುಗಳ ನಡಿಗೆಗೆ ಅಂಕ ಕೊಡುವುದು ನನ್ನ ಕೆಲಸ. ನೆಟ್ಟಗೆ ನಡೆದರೆ ಸೊನ್ನೆ. ಬೆನ್ನು ಬಾಗಿದರೆ, ತಲೆ ತೂಗಿದರೆ, ಹೆಜ್ಜೆ ಗಿಡ್ಡವಾದರೆ ಅಂಕ ಏರುತ್ತದೆ. ಅಂಕ ಏರಿದ ಆಕಳ ಕಾಲನ್ನು ಅಲ್ಲಿರುವ ಯಾರೋ ಎತ್ತಿ ನೋಡುತ್ತಾರೆ. ನಾನು ನೋಡಿ ಹೇಳುವವಳು, ಮುಟ್ಟುವವಳಲ್ಲ.

ನಾನು ದನದ ಡಾಕ್ಟರು. ಉದಗೀರದಲ್ಲಿ ಓದಿದೆ. ಓದು ಮುಗಿದ ಮೇಲೆ ದೇವಣಿ ಸುತ್ತಲಿನ ಹಳ್ಳಿಗಳಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡಿದೆ. ನಾನು ಸ್ಕೂಟಿಯಿಂದ ಇಳಿದರೆ ಜನ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು, ಡಾಕ್ಟರು ಎಲ್ಲಿ ಅಂತ. ಡಾಕ್ಟರು ನಾನೇ ಅಂದರೆ, ಇರಲಿ ತಾಯಿ, ಚಹಾ ಕುಡೀರಿ, ಅಂದು ಪಕ್ಕದೂರಿನ ಕಂಪೌಂಡರನಿಗೆ ಫೋನ್ ಹಚ್ಚುತ್ತಿದ್ದರು. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದಾಗಲೂ ಇದೇ, ಗೊರಸು ಕೊಳೆತಾಗಲೂ ಇದೇ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಎಷ್ಟು ಅಂತ ಚಹಾ ಕುಡಿಯಲಿ? ಹೀಗಾಗಿ ಐರ್ಲೆಂಡಿನ ಹೈನದ ಕಂಪನಿಯೊಂದು ಕೆಲಸ ಕೊಡುತ್ತೇನೆ ಅಂದಾಗ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಕೊಟ್ಟಿಗೆಯಲ್ಲಿ ನಿಂತು, ಕಾಲು ಎತ್ತಿ, ಕೈಯಾರೆ ನೋಡಿ ಉಪಚಾರ ಮಾಡುವ ಕೆಲಸ ಅದು. ಆ ದೇಶದ ಪರವಾನಗಿ ಬರುವ ತನಕ ಊರಿನಿಂದಲೇ ಕ್ಯಾಮರಾ ನೋಡು, ಬಂದ ಮೇಲೆ ಕೊಟ್ಟಿಗೆಗೆ ಬಾ ಅಂದರು.

ಅದಕ್ಕೊಂದು ಗಡುವಿತ್ತು. ಚಳಿಗಾಲ ಕಳೆದರೆ ಅಲ್ಲಿ ಆಕಳುಗಳನ್ನು ಹುಲ್ಲುಗಾವಲಿಗೆ ಬಿಡುತ್ತಾರೆ. ಆಮೇಲೆ ಕ್ಯಾಮರಾದ ಕೆಲಸ ಇರುವುದಿಲ್ಲ. ಅಷ್ಟರೊಳಗೆ ಪರವಾನಗಿ ಬಂದರೆ ನಾನು ಹೋಗಬೇಕು. ಬರದಿದ್ದರೆ ಆ ಜಾಗಕ್ಕೆ ಅಲ್ಲಿಯವರನ್ನೇ ತೆಗೆದುಕೊಳ್ಳುತ್ತಾರೆ, ನಾನು ಮತ್ತೆ ದೇವಣಿಯಲ್ಲಿ ಚಹಾ ಕುಡಿಯುತ್ತ ಕೂರಬೇಕು. ಇದನ್ನು ಕಂಪನಿಯ ಮೇಲಧಿಕಾರಿ ಬಹಳ ನಯವಾಗಿ ಹೇಳಿದಳು. ನಮ್ಮವ್ವನ ವಯಸ್ಸಿನ ಹೆಂಗಸು, ಆದರೆ ಹೆಸರು ಹಿಡಿದೇ ಕರೆಯಬೇಕಂತೆ. ನಾನು ಒಮ್ಮೆಯೂ ಕರೆಯಲಿಲ್ಲ. ಸುಮ್ಮನೆ ನಮಸ್ಕಾರ ಹೇಳಿ ಮಾತು ಶುರು ಮಾಡುತ್ತಿದ್ದೆ. ಊಟ ಮಾಡಿ ತೇಗು ಬರುವ ಹೊತ್ತಿಗೆ ನಾನು ಗುಡ್ ಮಾರ್ನಿಂಗ್ ಅನ್ನುವುದನ್ನು ಕೇಳಿ ಅತ್ತೆ, ಆ ಆಕಳುಗಳಿಗೆ ಇಷ್ಟು ದೂರದ ಮಾತು ಕೇಳಿಸುತ್ತದೇನು ಅಂತ ಕೇಳಿದ್ದಳು.

ನಮ್ಮ ಮನೆ ಮಹಾರಾಷ್ಟ್ರದ ಗಡಿಯ ಉಮರಗಾದಲ್ಲಿ. ನಾನು ನಿಲಂಗಾದಲ್ಲಿ ಯಾಕಿದ್ದೆ ಅನ್ನುವುದನ್ನು ಹೇಳಬೇಕೆಂದರೆ ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಅಯ್ಯನವರು. ದಾಳಿಂಬ, ಸಾಸ್ತೂರ, ಸುತ್ತಲ ಹಳ್ಳಿಗಳ ಒಕ್ಕಲು ಮನೆಗಳಲ್ಲಿ ಮದುವೆ, ತೊಟ್ಟಿಲು, ಮನೆ ಹೊಗುವುದು ಎಲ್ಲ ಅವರ ಕೈಯಿಂದಲೇ ಆಗಬೇಕು. ತೊಂಬತ್ತಮೂರರ ಭೂಕಂಪದ ನಂತರ ಸಾಸ್ತೂರದಲ್ಲಿ ಹೊಸದಾಗಿ ಎದ್ದ ಮನೆಗಳಿಗೆ ಹೊಸ್ತಿಲ ಪೂಜೆ ಮಾಡಿಸಿದವರೂ ಅವರೇ. ಪುಣೆಗೆ, ಹೈದರಾಬಾದಿಗೆ, ದುಬೈಗೆ ಹೊರಟವರು ಮೊದಲು ನಮ್ಮ ಪಡಸಾಲೆಗೆ ಬಂದು, ಯಾವ ದಿನ ಹೊರಡಲಿ ಅಪ್ಪಾರೀ ಅಂತ ಕೇಳಿ, ಆಮೇಲೆ ಟಿಕೆಟ್ ತೆಗೆಸುತ್ತಾರೆ. ಅಪ್ಪನ ತಮ್ಮ ಕೂಡ ಹಾಗೆ ಅಪ್ಪ ಹೇಳಿದ ದಿನವೇ ಹೋದವರು. ಸೂರತ್ತಿನಲ್ಲಿ ನೆಲೆ ನಿಂತರು. ನಾನು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ನನ್ನ ಕೆಲಸದ ಸುದ್ದಿ ಬಂದದ್ದೇ ಅಪ್ಪ ಪಂಚಾಂಗ ತೆಗೆದರು. ಪರವಾನಗಿ ಯಾವಾಗ ಬರುತ್ತದೋ ಗೊತ್ತಿಲ್ಲ, ಅದರ ದಾರಿ ಕಾಯುತ್ತ ಒಳ್ಳೆಯ ಗಳಿಗೆ ಕಳೆದು ಹೋಗಬಾರದು, ಪಸ್ತಾನ ಇಡೋಣ ಅಂದರು. ಪುಸ್ತಕದಲ್ಲಿ ಅದಕ್ಕೆ ಪ್ರಸ್ಥಾನ ಅನ್ನುತ್ತಾರೆ. ಹೊರಡುವ ಗಳಿಗೆ ಬಂದಿದೆ, ಆದರೆ ಹೊರಡಲಿಕ್ಕೆ ಆಗುತ್ತಿಲ್ಲ ಅಂದಾಗ ಪ್ರಯಾಣದ ಒಂದು ಗಂಟನ್ನು ಹೋಗುವ ದಿಕ್ಕಿನ ಇನ್ನೊಂದು ಮನೆಯಲ್ಲಿ ಇಟ್ಟು ಬರುವುದು. ಗಂಟು ಹೋಯಿತೆಂದರೆ ಮನುಷ್ಯ ಹೋದ ಹಾಗೆ. ಆಮೇಲೆ ಆ ಗಂಟು ಹಿಂದಕ್ಕೆ ಬರುವಂತಿಲ್ಲ, ನಡುವೆ ಬಿಚ್ಚುವಂತಿಲ್ಲ. ಹೋದವರು ಸ್ವಂತ ಮನೆಯಲ್ಲಿ ಮಲಗುವಂತಿಲ್ಲ.

ದಿಕ್ಕಿನ ಮೇಲೆ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಅಣ್ಣ ಮೊಬೈಲಿನಲ್ಲಿ ನಕಾಶೆ ತೆಗೆದು, ಐರ್ಲೆಂಡ್ ವಾಯವ್ಯಕ್ಕೆ ಅದ ಅಂದ. ಅವನ ಹೆಂಡತಿ, ನಮ್ಮ ವೈನಿ, ವಿಮಾನ ಹತ್ತುವುದು ಹೈದರಾಬಾದಿನಲ್ಲಿ, ಅದು ಆಗ್ನೇಯಕ್ಕೆ ಬರುತ್ತದೆ, ಅಲ್ಲೇ ಯಾರಾದರೂ ಪರಿಚಯದವರ ಮನೆಯಲ್ಲಿ ಇಡೋಣ ಅಂದಳು. ಅವ್ವನಿಗೆ ತುಳಜಾಪುರದ ದಾರಿಯೇ ಒಳ್ಳೆಯದು ಅನ್ನಿಸಿತು, ಕಾರಣ ಹೇಳಲಿಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡು, ಭೂಮಿ ದುಂಡಗಿದೆ, ಮೇಲಿನ ದೇಶಕ್ಕೆ ಉತ್ತರವೇ ದಿಕ್ಕು, ಉತ್ತರಕ್ಕೆ ನಿಲಂಗಾದಲ್ಲಿ ನಮ್ಮಕ್ಕನ ಮನೆ ಇದೆ, ಅಲ್ಲಿ ಇಡೋಣ ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಹಳದಿ ಬಟ್ಟೆಯಲ್ಲಿ ಅಕ್ಕಿ, ಅರಿಷಿಣ ಕೊಂಬು, ಅಡಿಕೆ, ಒಂದು ಕುಪ್ಪಸದ ಕಣ. ಹೋಗುವವರ ಕಸುಬಿನ ಸಾಮಾನು ಒಂದಾದರೂ ಇರಬೇಕು ಅಂದರು. ನನ್ನ ಹತ್ತಿರ ಗೊರಸು ಕೆತ್ತುವ ಚೂರಿ ಇತ್ತು. ತುದಿ ಕೊಕ್ಕೆಯಂತೆ ಬಾಗಿದ್ದು, ಕಟ್ಟಿಗೆ ಹಿಡಿಕೆಯದು, ಓದುವಾಗ ಕೊಂಡದ್ದು. ಕ್ಯಾಮರಾ ನೋಡುವ ಕೆಲಸಕ್ಕೆ ಅದು ಬೇಕಿರಲಿಲ್ಲ. ಕೊಟ್ಟೆ. ಅವ್ವ ನನ್ನ ಉಡಿ ತುಂಬಿದಳು, ಓಣಿಯ ಹೆಂಗಸರು ಬಂದು ಅತ್ತರು, ಅಪ್ಪ ಗಂಟನ್ನು ಎದೆಗವಚಿಕೊಂಡು ಎಸ್‌ಟಿ ಬಸ್ ಹತ್ತಿದರು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹಿಂದೆ ಕೂತೆ. ಅತ್ತೆಯ ಮನೆಯ ದೇವರ ಕೋಣೆಯ ಗೂಟಕ್ಕೆ ಗಂಟು ನೇತು ಬಿತ್ತು. ನಾನು ಐರ್ಲೆಂಡಿಗೆ ಹೋದೆ, ಅಂದರೆ ಅದರ ಮೇಲಿನ ಮಾಳಿಗೆಗೆ ಹೋದೆ.

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಬಿಡುವು ಸಿಕ್ಕಾಗ ಉಮರಗಾಕ್ಕೆ ಹೋದರೆ ನಾನು ಪಾವಣಿ, ಬಂದು ಹೋಗುವ ಅತಿಥಿ. ಅವ್ವ ಕುರ್ಚಿ ತಂದು ಹಾಕುತ್ತಿದ್ದಳು, ಅಟ್ಟದ ಮೇಲಿನ ಹೂವಿನ ಚಿತ್ತಾರದ ಕಪ್ಪು-ಬಸಿ ಇಳಿಸಿ ಅದರಲ್ಲಿ ಚಹಾ ಕೊಡುತ್ತಿದ್ದಳು. ಉಂಡ ತಾಟು ಎತ್ತಲು ಹೋದರೆ ವೈನಿ ಕೈ ಹಿಡಿಯುತ್ತಿದ್ದಳು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ನೀರು ಬೇಕೆಂದರೂ ಕೂತಲ್ಲಿಗೇ ಬರುತ್ತಿತ್ತು. ಒಮ್ಮೆ ಸಿಟ್ಟು ಬಂದು ಕಸಬರಿಗೆ ತೆಗೆದುಕೊಂಡೆ. ಅವ್ವ ಅದನ್ನು ಕಸಿದುಕೊಂಡು, ಹೋದವರು ಕಸ ಹೊಡೆಯಬಾರದು ಅಂದಳು. ಹೊತ್ತು ಇಳಿಯುವ ಮೊದಲೇ ನಿಲಂಗಾದ ಬಸ್ಸಿಗೆ ಅಟ್ಟುತ್ತಿದ್ದಳು. ಹೆಣ್ಣು ನೋಡುವವರು ಬಂದು, ಹುಡುಗಿ ಎಲ್ಲಿರುತ್ತಾಳೆ ಅಂದರೆ, ಫಾರಿನ್ನಿಗೆ ಹೋಗಿದ್ದಾಳೆ ಅನ್ನುತ್ತಿದ್ದಳು. ಎಂದು ಬರುತ್ತಾಳೆ ಅಂದರೆ, ರವಿವಾರ ಬರುತ್ತಾಳೆ ಅನ್ನುತ್ತಿದ್ದಳು. ಆ ಸಂಬಂಧಗಳು ಮುಂದಕ್ಕೆ ಹೋಗಲಿಲ್ಲ.

ಅವ್ವನ ಈ ಸತ್ಯವಂತಿಕೆಯೇ ನನಗೆ ಮುಳುವಾಯಿತು. ಪರವಾನಗಿಗೆ ಪೊಲೀಸರ ತಪಾಸಣೆ ಬೇಕಿತ್ತು. ಒಬ್ಬ ಪೊಲೀಸಪ್ಪ ಉಮರಗಾದ ಮನೆಗೆ ಬಂದು, ಹುಡುಗಿ ಇಲ್ಲಿಯೇ ಇರುತ್ತಾಳೇನು ಅಂತ ಮರಾಠಿಯಲ್ಲಿ ಕೇಳಿದ. ಅವ್ವ, ಗೇಲಿ ತೀ, ಹೋಗಿಬಿಟ್ಟಳು ಅಂದಳು. ಎಲ್ಲಿಗೆ? ಪರದೇಶಕ್ಕೆ. ಯಾವಾಗ? ದೀಪಾವಳಿ ಆದ ಮೇಲೆ. ಆತ ಹಾಗೇ ಬರೆದುಕೊಂಡು ಹೋದ. ಪರದೇಶಕ್ಕೆ ಹೋಗಲು ಅನುಮತಿ ಕೇಳಿದವಳು ಅನುಮತಿಗೆ ಮೊದಲೇ ಹೋಗಿದ್ದಾಳೆ! ನನ್ನ ಅರ್ಜಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಯಾಕೆ ನಿಂತಿದೆ ಅಂತ ತಿಳಿಯುವ ಹೊತ್ತಿಗೆ ತೊಗರಿ ರಾಶಿ ಮುಗಿದಿತ್ತು. ಅವ್ವನ ಮೇಲೆ ಹರಿಹಾಯ್ದೆ. ಅವಳು ಕಣ್ಣು ತುಂಬಿಕೊಂಡು, ನೀನು ಹೋಗಿಲ್ಲ ಅಂತ ನನ್ನ ಬಾಯಿಂದ ಹೇಗೆ ಅನ್ನಲಿ, ಅಪಶಕುನ ಆಗುತ್ತದಲ್ಲ ಅಂದಳು.

ಠಾಣೆಗೆ ನಾನೇ ಹೋದೆ. ಅಲ್ಲಿನ ಸಾಹೇಬರು ನನ್ನನ್ನೂ ಕಾಗದವನ್ನೂ ಮೂರು ನಾಲ್ಕು ಸಲ ನೋಡಿ, ‘ತುಮ್ಹಿ ರಾಹತಾ ಕುಠೆ?’ ಅಂದರು. ಇರುವುದು ಎಲ್ಲಿ ಅಂತ. ಎಷ್ಟು ಸರಳ ಪ್ರಶ್ನೆ! ಊರು ಉಮರಗಾ, ಇರುವುದು ನಿಲಂಗಾ, ಕೆಲಸ ಐರ್ಲೆಂಡಿನಲ್ಲಿ, ಹೋಗಿಲ್ಲ, ಆದರೆ ಗಂಟು ಹೋಗಿದೆ. ಹೇಳುತ್ತ ಹೇಳುತ್ತ ನನಗೇ ತಲೆ ತಿರುಗಿತು. ಸಾಹೇಬರು ಗಂಟಿನ ಮಾತು ಬಂದ ಕೂಡಲೇ ನಕ್ಕರು. ಅವರ ಅಜ್ಜಿಯೂ ಹೀಗೇ ಪ್ರಸ್ಥಾನ ಇಡಿಸುತ್ತಿದ್ದಳಂತೆ. ಬೇರೆ ಕಾಗದ ಬರೆಸಿದರು. ಆದರೆ ಹೋದ ಸಮಯ ಹೋಗಿತ್ತು, ಅರ್ಜಿ ಮತ್ತೆ ಸಾಲಿನ ಕೊನೆಯಲ್ಲಿ ನಿಂತಿತ್ತು.

ಅದೇ ಹೊತ್ತಿಗೆ ನಿಲಂಗಾದ ಮಾಳಿಗೆಯಲ್ಲಿ ನೆಟ್‌ವರ್ಕ್ ಕೈ ಕೊಡತೊಡಗಿತು. ಓಣಿಯಲ್ಲಿ ಬರುವ ಆಕಳು ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಡುತ್ತಿತ್ತು. ಅದಕ್ಕೆ ಏನು ಅಂಕ ಕೊಡಲಿ? ಅಪ್ಪನನ್ನು ಕೇಳಿದೆ. ಉದಗೀರ ಇನ್ನೂ ಮುಂದಕ್ಕೇ ಆಗುತ್ತದೆ, ಮುಂದೆ ಹೋಗಬಹುದು, ಗಂಟು ಅಲ್ಲೇ ಇರಲಿ ಅಂದರು. ಹೀಗೆ ನಾನು ಉದಗೀರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಓದುವಾಗ ಇದ್ದ ಓಣಿಯೇ. ಅದೇ ಖಾನಾವಳಿ, ಅದೇ ಜೋಳದ ರೊಟ್ಟಿ, ಎದುರಿಗೆ ಕೂತವರು ಮಾತ್ರ ಹೊಸ ಹುಡುಗಿಯರು. ಅವರು ನನ್ನನ್ನು ಆಂಟಿ ಅಂದರು. ಕಿಟಕಿಯ ಹೊರಗೆ ಬಿಸಿಲು ಸುಡುವಾಗ ಪರದೆಯಲ್ಲಿ ಮಳೆ ಹನಿಯುತ್ತಿತ್ತು. ಹೊರಗೆ ಹೋಗುವಾಗ ಎಷ್ಟೋ ಸಲ ಛತ್ರಿ ಹುಡುಕಿದ್ದೇನೆ. ಬೆಳಿಗ್ಗೆ ಎದ್ದರೆ ಯಾವ ಊರಲ್ಲಿದ್ದೇನೆ ಅಂತ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿತ್ತು. ಅಲ್ಲಿಗೂ ಹೋಗದೆ, ಇಲ್ಲಿಯೂ ಇರದೆ ಹೀಗೇ ಉಳಿದುಬಿಟ್ಟರೆ ಹೇಗೆ?

ಶಿವರಾತ್ರಿ ಕಳೆದಿತ್ತು. ಅಲ್ಲಿನ ಮೇಲಧಿಕಾರಿ, ಈ ಸಲ ಹುಲ್ಲು ಬೇಗ ಬಂದಿದೆ, ಇನ್ನು ಕೆಲವೇ ವಾರಗಳಲ್ಲಿ ಆಕಳು ಹೊರಗೆ ಬಿಡುತ್ತೇವೆ, ನಿನ್ನ ಕಾಗದ ಏನಾಯಿತು ಅಂತ ಕೇಳಿದ್ದಳು. ನನಗೆ ಗೊತ್ತಿದ್ದರೆ ತಾನೇ. ಅದರ ಮರುದಿನವೇ ರವಿವಾರ ಅತ್ತೆ ವಿಡಿಯೋ ಕಾಲ್ ಮಾಡಿದಳು. ನನಗೆ ಐರ್ಲೆಂಡಿಗೆ ಕಟ್ಟಿಕೊಡಲು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದ್ದಾಳಂತೆ, ಡಬ್ಬಿ ತೋರಿಸುತ್ತೇನೆ ನೋಡು ಅಂದಳು. ನಾನು ಡಬ್ಬಿ ನೋಡಲಿಲ್ಲ. ಅವಳ ಬೆನ್ನ ಹಿಂದೆ ಅಂಗಳದಲ್ಲಿ ಅವಳ ದೇವಣಿ ಆಕಳು ನೀರಿನ ತೊಟ್ಟಿಯ ಕಡೆ ನಡೆದು ಹೋಗುತ್ತಿತ್ತು. ಬೆನ್ನು ಬಾಗಿತ್ತು. ಎಡಗಡೆಯ ಹಿಂಗಾಲು ಊರುವಾಗ ತಲೆ ತೂಗುತ್ತಿತ್ತು. ನನ್ನ ಕೈ ತಾನಾಗಿಯೇ ಅಂಕ ಬರೆಯಲು ಪೆನ್ನು ಹುಡುಕಿತು.

ಅತ್ತಿ, ಸ್ವಲ್ಪ ಬದಿಗೆ ಸರಿ, ಆಕಳನ್ನು ಇನ್ನೊಮ್ಮೆ ನಡೆಸು ಅಂದೆ. ನಡೆಸಿದಳು. ಯಾವಾಗಿನಿಂದ ಹೀಗೆ ಕುಂಟುತ್ತಿದೆ ಅಂದರೆ, ಹೇಳಲೋ ಬೇಡವೋ ಅನ್ನುವ ಹಾಗೆ ತಡೆದು, ನೀನು ಮಾಳಿಗೆ ಮೇಲಿದ್ದಾಗಲೇ ಸ್ವಲ್ಪ ಸ್ವಲ್ಪ ಶುರುವಾಗಿತ್ತು ಅಂದಳು. ಆ ಆಕಳು ಅತ್ತೆಗೆ ಬಹಳ ಬೇಕಾದದ್ದು. ಅವಳ ಮದುವೆಯಲ್ಲಿ ನಮ್ಮ ಮನೆಯಿಂದ ಬಳುವಳಿಯಾಗಿ ಹೋದ ಆಕಳ ಸಂತತಿಯದು. ಮಗ ಸೊಸೆ ಇಬ್ಬರೂ ಶಾಲೆಯಲ್ಲಿ ಕಲಿಸಲು ಹೋದ ಮೇಲೆ ಹಗಲೆಲ್ಲ ಅವಳು ಮಾತಾಡುವುದು ಅದರ ಜೊತೆಗೇ.

‘ನಾ ಮ್ಯಾಲೇ ಕುಂತಿದ್ನಲ್ಲ ಅತ್ತಿ. ನಂಗ್ಯಾಕ ಹೇಳಲಿಲ್ಲ?’

‘ನೀ ಹೋದಾಕಿ, ತಂಗಿ. ಹೋದಾವ್ರಿಗಿ ಮನೀ ಕೆಲಸ ಹೇಳಿ ಹಿಂದಕ್ಕ ಜಗ್ಗಬಾರ್ದು. ಕಂಪೌಂಡರಗ ಕರಸಿದ್ದೆ. ಅಂವಾ ಸೂಜಿ ಮಾಡಿ ಹೋದ.’

ನಾನು ಫೋನ್ ಇಟ್ಟೆ. ಸಿಟ್ಟು ಬಂತು, ಅತ್ತೆಯ ಮೇಲೋ, ಕಂಪೌಂಡರನ ಮೇಲೋ, ನನ್ನ ಮೇಲೋ ಗೊತ್ತಾಗಲಿಲ್ಲ. ತಿಂಗಳುಗಟ್ಟಲೆ ಸಮುದ್ರದಾಚೆಯ ಆಕಳುಗಳ ಕಾಲು ನೋಡಿದೆ. ಕಿಟಕಿಯಿಂದ ಬಗ್ಗಿದ್ದರೆ ಇದು ಕಾಣುತ್ತಿತ್ತು. ಕೊನೆಗೆ ಇದೂ ನನಗೆ ಕಂಡದ್ದು ಪರದೆಯ ಮೇಲೆಯೇ. ಚೀಲ ಎತ್ತಿಕೊಂಡು ಉದಗೀರದ ಬಸ್ ಸ್ಟ್ಯಾಂಡಿಗೆ ನಡೆದೆ. ಹಿಂದಕ್ಕೆ ಹೋಗುತ್ತಿದ್ದೇನೆ ಅನ್ನುವುದು ನಿಲಂಗಾದ ಬಸ್ ಹತ್ತಿದ ಮೇಲೆ ನೆನಪಾಯಿತು.

ಅತ್ತೆಯ ಹೊಲವನ್ನು ಪಾಲಿಗೆ ಮಾಡುವ ಒಕ್ಕಲಿಗ ಕೊಟ್ಟಿಗೆಯಲ್ಲಿದ್ದ. ಅವನೂ ನಮ್ಮಪ್ಪನ ಭಕ್ತ. ಇಬ್ಬರೂ ಸೇರಿ ಆಕಳ ಕಾಲನ್ನು ಹಗ್ಗದಿಂದ ಎತ್ತಿ ತೊಲೆಗೆ ಕಟ್ಟಿದೆವು. ಗೊರಸು ತೊಳೆದು ಒತ್ತಿ ನೋಡಿದೆ. ಹೊರಗಡೆಯ ಗೊರಸಿನ ಒಂದು ಜಾಗದಲ್ಲಿ ಒತ್ತಿದ ಕೂಡಲೇ ಆಕಳು ಇಡೀ ಮೈ ಜಾಡಿಸಿತು. ಒಳಗೆ ಕೀವು ಕಟ್ಟಿದೆ, ಕೆತ್ತಿ ದಾರಿ ಮಾಡಿಕೊಡದೆ ಯಾವ ಸೂಜಿಯೂ ನಡೆಯುವುದಿಲ್ಲ. ಚೂರಿಗೆ ಕೈ ಚಾಚಿದೆ. ಚೂರಿ ಗಂಟಿನಲ್ಲಿತ್ತು.

ದೇವರ ಕೋಣೆಯ ಬಾಗಿಲಿಗೆ ಅತ್ತೆ ಅಡ್ಡ ನಿಂತಳು. ಬೇರೆ ಏನಾದರೂ ತಗೋ, ಇಳಿಗೆ ಇದೆ, ಕುಡುಗೋಲು ಇದೆ ಅಂದಳು. ಕುಡುಗೋಲಿನಿಂದ ಗೊರಸು ಕೆತ್ತಿದರೆ ಆಕಳು ಕಾಯಂ ಕುಂಟಿಯಾಗುತ್ತದೆ ಅಂದೆ. ಅತ್ತೆಯ ಮುಖ ನೋಡಲಾಗಲಿಲ್ಲ. ಅವಳಿಗೆ ಆಕಳೂ ಬೇಕು, ನಾನು ಹೋಗುವುದೂ ಬೇಕು. ಗಂಟು ಬಿಚ್ಚಿದರೆ ನಿನ್ನ ಹೋಗುವುದು ಅಲ್ಲಿಗೇ ನಿಲ್ಲುತ್ತದೆ, ನಿಮ್ಮಪ್ಪನಿಗೆ ನಾನು ಏನು ಹೇಳಲಿ ಅಂದಳು. ನಾನು ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಅಂತ ಎಲ್ಲರೆದುರು ಅಂದವಳು. ಆದರೂ ಗೂಟದ ಕೆಳಗೆ ಹೋಗಿ ನಿಂತಾಗ ಕೈ ಮೇಲೆ ಏಳಲಿಲ್ಲ. ಇನ್ನು ಕೆಲವೇ ವಾರ ಉಳಿದಿವೆ. ಇಷ್ಟು ದಿನ ಕಾದು, ಈಗ ಬಿಚ್ಚಲೇ?

ಕೊಟ್ಟಿಗೆಯಿಂದ ಆ ಒಕ್ಕಲಿಗ ಕೂಗಿ ಹೇಳಿದ.

‘ಬಿಚ್ಚರಿ ಡಾಕ್ಟರಬಾಯಿ. ಅದು ಮೊದಲೇ ಕೆಟ್ಟದ. ಅಪ್ಪಾರು ಬುಧವಾರ ತಂದು ಇಟ್ಟಾರಲ್ಲ.’

ನಾನು ತಿರುಗಿ ಕೊಟ್ಟಿಗೆಗೆ ಬಂದು, ಬುಧವಾರವಾದರೆ ಏನು ಅಂದೆ. ಅವನು ಆಕಳ ಬಾಲ ಹಿಡಿದುಕೊಂಡೇ ಹೇಳಿದ. ಮಗನಿಗೆ ಹೆಣ್ಣು ನೋಡಲು ಲಾತೂರ ಕಡೆ ಹೊರಟಿದ್ದನಂತೆ. ಬುಧವಾರ ಉತ್ತರಕ್ಕೆ ಶೂಲೆ ಇದೆ, ಆ ದಿಕ್ಕಿಗೆ ಹೊರಡಬೇಡ, ಹೋದ ಕೆಲಸ ಆಗುವುದಿಲ್ಲ, ತಿರುಗಿ ಬರುತ್ತೀ ಅಂತ ತಡೆದವರು ನಮ್ಮಪ್ಪನೇ. ಹಾಗಂದವರು ಮರುವಾರ ಬುಧವಾರವೇ ಮಗಳ ಗಂಟು ತಂದು ಉತ್ತರದ ಮನೆಯಲ್ಲಿ ಇಟ್ಟರು. ದೊಡ್ಡವರು, ಕೇಳಲು ಧೈರ್ಯ ಆಗಲಿಲ್ಲ, ಏನಾದರೂ ಬೇರೆ ಲೆಕ್ಕ ಇದ್ದೀತು ಅಂದುಕೊಂಡು ಸುಮ್ಮನಾದೆ ಅಂದ.

ಬೇರೆ ಲೆಕ್ಕ ಇಲ್ಲ. ವಾರಶೂಲೆ ನನಗೂ ಗೊತ್ತು. ಚಿಕ್ಕವಳಿದ್ದಾಗ ಅಪ್ಪನೇ ಬೆರಳು ಮಡಚಿ ಕಲಿಸಿದ್ದರು. ಯಾವ ವಾರ ಯಾವ ದಿಕ್ಕಿಗೆ ಹೋಗಬಾರದು ಅಂತ ನಮ್ಮ ಮನೆಯಲ್ಲಿ ಮಕ್ಕಳು ಮಗ್ಗಿಯ ಜೊತೆ ಬಾಯಿಪಾಠ ಮಾಡುತ್ತಿದ್ದೆವು. ಮಂಗಳವಾರ, ಬುಧವಾರ ಉತ್ತರ. ಅವತ್ತು ಲ್ಯಾಪ್‌ಟಾಪ್ ಹೊತ್ತುಕೊಂಡು ಬಸ್ಸಿನಲ್ಲಿ ಕೂತ ನನಗೆ ಅದು ಹೊಳೆಯಲೇ ಇಲ್ಲ. ಊರಿಗೆಲ್ಲ ದಿನ ನೋಡಿ ಕೊಡುವ ಮನುಷ್ಯ ಮಗಳಿಗೆ ತಪ್ಪಿದ್ದು ಹೇಗೆ? ತಪ್ಪಿದ್ದೋ, ಬೇಕೆಂದೇ ಮಾಡಿದ್ದೋ? ಒಳಗೆ ಹೋಗಿ ಗಂಟನ್ನು ಇಳಿಸಿ ಬಿಚ್ಚಿದೆ. ಅಕ್ಕಿ ನೆಲದ ಮೇಲೆಲ್ಲ ಚೆಲ್ಲಿತು. ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡು ನೋಡುತ್ತಿದ್ದಳು.

ಚೂರಿಯಿಂದ ಗೊರಸನ್ನು ಸಣ್ಣಗೆ ಕೆತ್ತುತ್ತ ಹೋದೆ. ಕಪ್ಪು ಗೆರೆಯೊಂದು ಕಂಡಿತು. ಅದರ ಹಿಂದೆ ಹೋದೆ. ಗೆರೆ ಮುಗಿದಲ್ಲಿ ಕೀವು ಚಿಮ್ಮಿ ನನ್ನ ಮುಂಗೈ ಮೇಲೆ ಬಿತ್ತು, ಹೊಲಸು ನಾರಿತು. ನನಗೆ ಆದ ಖುಷಿ ಹೇಳತೀರದು. ತೊಳೆದು, ಔಷಧಿ ಹಾಕಿ, ಅರಳೆ ತುಂಬಿ ಕಟ್ಟಿದೆ. ಕಾಲು ಬಿಟ್ಟ ಕೂಡಲೇ ಆಕಳು ಅದನ್ನು ನೆಲಕ್ಕೆ ಊರಿ, ಸುಮ್ಮನೆ ಮೇವಿಗೆ ಬಾಯಿ ಹಾಕಿತು. ಒಕ್ಕಲಿಗ ನನ್ನ ಕೈಗೆ ನೀರು ಹಾಕಿದ. ಚಹಾದ ಮಾತು ಯಾರೂ ಎತ್ತಲಿಲ್ಲ.

ಚೂರಿಯನ್ನು ಅದೇ ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ಅಂದೇ ಉಮರಗಾಕ್ಕೆ ಹೋದೆ. ಅಪ್ಪ ಪಡಸಾಲೆಯಲ್ಲಿ ಪೂಜೆಯ ಬಟ್ಟಲು ಒರೆಸುತ್ತ ಕೂತಿದ್ದರು. ಬಟ್ಟೆಯನ್ನು ಅವರ ಮುಂದೆ ಇಟ್ಟೆ. ಅದು ಬಿಚ್ಚಿದ್ದು ಅಂತ ನೋಡಿದ ಕೂಡಲೇ ತಿಳಿಯಿತು ಅವರಿಗೆ. ದಾರಿಯುದ್ದಕ್ಕೂ ಬಹಳ ಮಾತು ಜೋಡಿಸಿಕೊಂಡಿದ್ದೆ, ಎದುರಿಗೆ ಬಂದಾಗ ಒಂದೇ ಉಳಿಯಿತು.

‘ಬುಧವಾರ ಉತ್ತರಕ್ಕ ಶೂಲಿ ಇರ್ತದ ಅಂತ ನಿಮಗ ಗೊತ್ತಿತ್ತೇನ್ರೀ ಅಪ್ಪ?’

‘ಗೊತ್ತಿತ್ತು.’

ಬಟ್ಟಲು ಒರೆಸುವುದನ್ನು ಅವರು ನಿಲ್ಲಿಸಲಿಲ್ಲ. ನಾನು ಹೋಗುವುದು ನಿಮಗೆ ಬೇಡವಾಗಿತ್ತೇ, ಬೇಡ ಅಂದರೆ ಮುಖದ ಮೇಲೇ ಅನ್ನಬಹುದಿತ್ತು, ಹೀಗೆ ಹಿಂದಿನಿಂದ ಯಾಕೆ ಮಾಡಿದಿರಿ ಅಂತ ದನಿ ಏರಿಸಿದೆ. ಅವ್ವ ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ಬಟ್ಟಲನ್ನು ಕೆಳಗಿಟ್ಟರು.

‘ಹೋಗ್ಲಾಕ ಛಲೋ ದಿನ ಊರಿಗೆಲ್ಲಾ ನೋಡಿ ಕೊಟ್ಟೀನಿ, ತಾಯಿ. ನನ್ನ ತಮ್ಮಗೂ ಕೊಟ್ಟೆ. ಛಲೋ ದಿನಾ ಹೋದಾವ್ರು ಯಾರೂ ತಿರುಗಿ ಬಂದಿಲ್ಲ.’

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋಗಿಯೇ ಇಲ್ಲ ಅಂತಲೂ ಹೇಳಲಾರೆ. ಈ ಮನುಷ್ಯನ ಆಸೆಯಿಂದ ನನ್ನ ಕಾಗದ ನಿಂತಿತು ಅಂತ ಒಂದು ಗಳಿಗೆ ಅನ್ನಿಸಿತು. ಶೂಲೆ ಗೀಲೆ ನಂಬದವಳು ನಾನು, ಹಾಗಾದರೆ ಅವರ ಮೇಲೆ ಹೇಗೆ ಸಿಟ್ಟಾಗಲಿ? ನಂಬಿದರೆ ಸಿಟ್ಟಾಗಬೇಕು, ನಂಬದಿದ್ದರೆ ನಗಬೇಕು. ಎರಡೂ ಆಗದೆ ಕಂಬಕ್ಕೆ ಒರಗಿ ನಿಂತೆ. ಆಗ ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಬಟ್ಟೆ ಮೇಲೆಲ್ಲ ಸಗಣಿ, ಕೀವು. ಮೊದಲು ಮೈ ತೊಳೆದುಕೋ, ಆಮೇಲೆ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ತೆಗೆದುಕೊಂಡು ಬಾ, ಮಡಚಿ ಇಡು ಅಂದಳು. ಎಷ್ಟೋ ತಿಂಗಳ ಮೇಲೆ ನನಗೆ ಯಾರೋ ಮನೆಯ ಕೆಲಸ ಹೇಳಿದ್ದರು. ಆ ರಾತ್ರಿ ನನ್ನ ಹಾಸಿಗೆಯಲ್ಲಿ ಮಲಗಿದೆ.

ಉದಗೀರದ ಕೋಣೆ ಬಿಟ್ಟೆ. ಉಮರಗಾದ ಪಡಸಾಲೆಯಲ್ಲೇ ಕೂತು ಐರ್ಲೆಂಡಿನ ಆಕಳುಗಳಿಗೆ ಅಂಕ ಕೊಟ್ಟೆ. ಒಂದು ಮಧ್ಯಾಹ್ನ ಓಣಿಯಲ್ಲಿ ಆಕಳುಗಳು ಎಂದಿನ ಹಾಗೆ ಒಳಗೆ ತಿರುಗದೆ, ದೊಡ್ಡ ಬಾಗಿಲಿನಿಂದ ಹೊರಗೆ ಹುಲ್ಲಿನ ಕಡೆ ಓಡಿದವು. ಎಷ್ಟೋ ತಿಂಗಳು ಕಟ್ಟಿದ್ದ ಆಕಳುಗಳು, ಮುದಿಯವೂ ಕುಣಿದವು. ಓಣಿ ಖಾಲಿಯಾಯಿತು. ಆಯಿತು, ಮುಗಿಯಿತು ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ. ಅದೇ ವಾರದ ಕೊನೆಗೆ ಪರವಾನಗಿ ಬಂತು. ಯಾಕೆ ಇಷ್ಟು ತಡವಾಗಿ, ಯಾಕೆ ಆಗಲೇ, ಯಾರೂ ಹೇಳಲಿಲ್ಲ. ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ಬೇಗ ಬಾ ಅಂದಳು ಮೇಲಧಿಕಾರಿ. ಗಂಟು ಕೂಡ ಇಲ್ಲದ ದಿನದಲ್ಲಿ ಬಂತಲ್ಲ ಅಂತ ಅತ್ತೆ ಫೋನಿನಲ್ಲಿ ಪೇಚಾಡಿದಳು. ಆಕಳು ಈಗ ನೆಟ್ಟಗೆ ನಡೆಯುತ್ತಿದೆ ಅಂತಲೂ ಹೇಳಿದಳು.

ಅಪ್ಪನಿಗೆ ಹೇಳಿದೆ. ಅವರು ತಲೆಯಾಡಿಸಿ, ಮೈ ತೊಳೆದು, ವಿಭೂತಿ ಹಚ್ಚಿಕೊಂಡು ಪಂಚಾಂಗ ತೆಗೆದು ಕೂತರು. ಬೇರೆಯವರಿಗೆ ನಿಂತಲ್ಲೇ ದಿನ ಹೇಳುವವರು ಅವತ್ತು ಹಾಳೆ ಹಿಂದೆ ಮುಂದೆ ತಿರುವುತ್ತ ಬಹಳ ಹೊತ್ತು ಕೂತರು. ವಾಯವ್ಯಕ್ಕೆ ಅಂದರು ಈ ಸಲ, ಐರ್ಲೆಂಡ್ ವಾಯವ್ಯಕ್ಕೇ ಬರುತ್ತದೆ ಅಂತ ಅಣ್ಣನ ನಕಾಶೆ ಒಪ್ಪಿಕೊಂಡರು. ಒಂದು ದಿನ ಗುರುತು ಮಾಡಿ, ಪಂಚಾಂಗವನ್ನು ಅಲ್ಲೇ ಬಿಟ್ಟು, ದಾಳಿಂಬದಲ್ಲಿ ಒಂದು ತೊಟ್ಟಿಲು ಇದೆ ಅಂತ ಎದ್ದರು.

ಅವರು ಹೊರಗೆ ಹೋದ ಮೇಲೆ ನಾನು ಪಂಚಾಂಗ ಎಳೆದುಕೊಂಡು, ಚಿಕ್ಕಂದಿನಲ್ಲಿ ಕಲಿತ ಹಾಗೆ ಬೆರಳು ಮಡಚಿ ನೋಡಿದೆ. ವಾರ ನೋಡಿದೆ, ತಿಥಿ ನೋಡಿದೆ, ನಕ್ಷತ್ರ ನೋಡಿದೆ, ದಿಕ್ಕು ನೋಡಿದೆ. ಎಲ್ಲೋ ಒಂದು ಕಡೆ ಸಣ್ಣ ದೋಷವಾದರೂ ಇದ್ದೇ ಇರುತ್ತದೆ ಅಂತ ಮತ್ತೆ ಮೊದಲಿನಿಂದ ನೋಡಿದೆ. ಒಂದೂ ಇರಲಿಲ್ಲ. ಅಂಥ ಸ್ವಚ್ಛ ದಿನವನ್ನು ಅವರು ಯಾರಿಗೂ ಕೊಟ್ಟಿರಲಿಕ್ಕಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಹೋಗಬೇಕು ಅಂತ ಅಷ್ಟು ಬಡಿದಾಡಿದವಳಿಗೆ ಆಗ ಬೇಕಾಗಿದ್ದದ್ದು ಒಂದು ಕೆಟ್ಟ ದಿನ.

ಹೊಸ್ತಿಲಿಗೆ ಬಂದು ನಿಂತು, ದಿನ ಬಹಳ ಒಳ್ಳೆಯದಿದೆಯಲ್ಲ ಅಪ್ಪ ಅಂದೆ. ಅವರು ಇನ್ನೂ ಅಂಗಳದಲ್ಲೇ ಸ್ಕೂಟರಿನ ಕನ್ನಡಿ ಒರೆಸುತ್ತಿದ್ದರು, ನನ್ನ ಕಡೆ ತಿರುಗಲಿಲ್ಲ.

‘ಹೂಂ. ಈ ಸಲ ಬರೋಬರ ನೋಡೀನಿ’ ಅಂದರು. ಆಮೇಲೆ ಸ್ಕೂಟರ್ ಹತ್ತಿ ದಾಳಿಂಬಕ್ಕೆ ಹೋದರು.